ಪೊಟ್ಟಣದೊಳಗಿನ ಕೊಸರು

ಕಾರ್ನ್‌ಫ್ಲೇಕ್ಸ್ ಡಬ್ಬಿಯೊಳಗೆ ಮೊಣಕೈವರೆಗೂ ಕೈ ಇಳಿಸಿ ತಳದಲ್ಲಿದ್ದ ಆಟಿಕೆ ಹುಡುಕಿದ ನೆನಪು ಅಮೆರಿಕದ ಎರಡು ಮೂರು ತಲೆಮಾರುಗಳಿಗೆ ಸೇರಿದ್ದು. ಅಲ್ಲಿ ಅದರ ಬಗ್ಗೆ ಪುಸ್ತಕಗಳಿವೆ, ಬೆಲೆಪಟ್ಟಿಗಳಿವೆ, ಅದನ್ನೇ ಹಿಡಿದು ಕೂತ ಸಂಗ್ರಾಹಕರಿದ್ದಾರೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಮನೆಗಳಲ್ಲಿ ಬೆಳಗಿನ ಹೊತ್ತು ಇದ್ದದ್ದು ರಾತ್ರಿಯ ಮುದ್ದೆ ಕದಡಿದ ಅಂಬಲಿ, ಇಲ್ಲವೇ ಹುರಿಹಿಟ್ಟು, ಹಬ್ಬದ ದಿನ ಇಡ್ಲಿ. ಕೆಲ್ಲಾಗ್ಸ್ ಕಂಪನಿ ಭಾರತಕ್ಕೆ ಬಂದದ್ದೇ 1994ರಲ್ಲಿ. ಬಂದಾಗಲೂ ಬಿಸಿ ಹಾಲು ಹಾಕಿಕೊಂಡು ತಿನ್ನುವ ನಮ್ಮ ಜನರ ಬಟ್ಟಲಲ್ಲಿ ಅದರ ಗರಿಗರಿ ಒಂದು ನಿಮಿಷ ನಿಲ್ಲಲಿಲ್ಲ. ಆದರೂ ಈ ನಾಲ್ಕು ಊರುಗಳಲ್ಲಿ ಮೂವತ್ತೈದು ದಾಟಿದ ಯಾರನ್ನಾದರೂ ಕೂರಿಸಿಕೊಂಡು, ಚಿಕ್ಕಂದಿನಲ್ಲಿ ಏನು ಕೊಂಡರೆ ಏನು ಫ್ರೀ ಸಿಗುತ್ತಿತ್ತು ಎಂದು ಕೇಳಿ ನೋಡಿ. ಬಿನಾಕ ಪೇಸ್ಟಿನ ಪ್ರಾಣಿ, ಬಬಲ್ ಗಮ್ಮಿನ ಕ್ರಿಕೆಟ್ ಚಿತ್ರ, ಕೂಲ್‌ಡ್ರಿಂಕ್ ಮುಚ್ಚಳದೊಳಗಿನ ಮುದ್ರೆ, ಚಿಪ್ಸ್ ಪೊಟ್ಟಣದ ಟಾಜೋ ಎಂದು ಒಂದೊಂದಾಗಿ ಹೊರಬರುತ್ತವೆ. ಮಾತು ಮುಗಿಯುವಷ್ಟರಲ್ಲಿ ಕೇಳಿದವರಿಗೂ ಹೇಳಿದವರಿಗೂ ಗಂಟೆ ಹೋದದ್ದು ತಿಳಿದಿರುವುದಿಲ್ಲ.

ಈ ಹಂಬಲವನ್ನು ಬಾಲ್ಯದ ಹುಡುಗಾಟ ಎಂದು ಬದಿಗಿಡಲು ನನಗೆ ಮನಸ್ಸಿಲ್ಲ. ಅದರೊಳಗೆ ನಮ್ಮ ಸಣ್ಣ ಊರುಗಳ ವ್ಯಾಪಾರದ ಚರಿತ್ರೆಯಿದೆ, ಮಕ್ಕಳನ್ನು ಗಿರಾಕಿಗಳನ್ನಾಗಿ ಮಾಡಿದ ಲೆಕ್ಕಾಚಾರವಿದೆ. ಆ ಲೆಕ್ಕಾಚಾರ ಹಾಕಿದವರು ಎಣಿಸಿರದ ರೀತಿಯಲ್ಲಿ ಮಕ್ಕಳು ಕಟ್ಟಿಕೊಂಡ ಒಡನಾಟವೂ ಇದೆ. ಮೂರನ್ನೂ ಒಟ್ಟಿಗೆ ನೋಡದೆ ಇದ್ದರೆ ನೆನಪು ಬರೀ ಸಿಹಿಯಾಗುತ್ತದೆ, ಇಲ್ಲವೇ ಬರೀ ದೂರಾಗುತ್ತದೆ.

ಪೊಟ್ಟಣ ಬರುವ ಮೊದಲೂ ಕೊಸರು ಇತ್ತು. ಸಂತೆಯಲ್ಲಿ ತರಕಾರಿ ತೂಗಿದ ಮೇಲೆ ಒಂದು ಹಿಡಿ ಹಸಿಮೆಣಸಿನಕಾಯಿ, ಎರಡೆಳೆ ಕರಿಬೇವು ಚೀಲಕ್ಕೆ ಬೀಳುತ್ತಿತ್ತು. ಹೂವಿನವಳು ಮೊಳ ಅಳೆದ ಮೇಲೆ ಇನ್ನೊಂದು ಗೇಣು ಬಿಟ್ಟು ಕತ್ತರಿಸುತ್ತಿದ್ದಳು. ಬಳೆಗಾರ ಡಜನ್ ತೊಡಿಸಿ ಮುಗಿಸಿದ ಮೇಲೆ ಹುಡುಗಿಯ ಕೈಗೆ ಒಂದು ಬಳೆ ಹೆಚ್ಚಿಗೆ ಏರಿಸುತ್ತಿದ್ದ. ಉದ್ದನೆಯ ಕೋಲಿನ ತುದಿಗೆ ಗೊಂಬೆ ಕೂರಿಸಿಕೊಂಡು ಬರುತ್ತಿದ್ದ ಮಿಠಾಯಿಯವನಂತೂ ಈ ಕೊಡುಗೆಯ ಕಲೆಯಲ್ಲಿ ಎಲ್ಲರಿಗಿಂತ ಮೇಲು. ಕೋಲಿಗೆ ಸುತ್ತಿದ ಗುಲಾಬಿ ಬಣ್ಣದ ಜಿಗುಟು ಮಿಠಾಯಿಯನ್ನು ಎಳೆದೆಳೆದು, ತಿರುಚಿ, ಮಗುವಿನ ಮಣಿಕಟ್ಟಿಗೆ ಗಡಿಯಾರ ಕಟ್ಟಿ, ಬೆರಳಿಗೆ ಉಂಗುರ ತೊಡಿಸಿ, ಕೊನೆಗೆ ಉಗುರಿನಷ್ಟು ತುಣುಕನ್ನು ಕೆನ್ನೆಗೆ ಅಂಟಿಸುತ್ತಿದ್ದ. ಕೆನ್ನೆಯದು ಪುಕ್ಕಟೆ. ಮಕ್ಕಳು ಮೊದಲು ತಿನ್ನುತ್ತಿದ್ದದ್ದೂ ಅದನ್ನೇ.

ಆ ಕೊಸರಿಗೂ ಪೊಟ್ಟಣದ ಕೊಸರಿಗೂ ದೊಡ್ಡ ಅಂತರವಿದೆ. ಸಂತೆಯಲ್ಲಿ ಕೊಡುವವಳು ಯಾರೆಂದು ಗೊತ್ತು, ಎಷ್ಟು ಕೊಟ್ಟಳೆಂದು ಕಣ್ಣಿಗೆ ಕಾಣುತ್ತದೆ, ಸಾಲದಿದ್ದರೆ ಕೇಳಬಹುದು. ಪೊಟ್ಟಣದೊಳಗಿನದನ್ನು ನಿರ್ಧರಿಸುವವರು ಮುಂಬಯಿಯಲ್ಲೋ ಕಲ್ಕತ್ತದಲ್ಲೋ ಕುಳಿತವರು. ಅದು ಎಲ್ಲರಿಗೂ ಉಂಟು, ಆದರೆ ಯಾರಿಗೆ ಯಾವುದು ಎಂಬುದು ಒಡೆಯುವವರೆಗೆ ಗುಟ್ಟು. ಮಕ್ಕಳನ್ನು ಹಿಡಿದಿಟ್ಟದ್ದು ಈ ಗುಟ್ಟು.

ಗುಟ್ಟನ್ನು ಮಾರುವ ವಿದ್ಯೆ ಹಳೆಯದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಸಿಗರೇಟ್ ಪ್ಯಾಕುಗಳು ನುಗ್ಗಾಗದಿರಲೆಂದು ಒಳಗಿಡುತ್ತಿದ್ದ ರಟ್ಟಿನ ಮೇಲೆ ಅಮೆರಿಕದ ಕಂಪನಿಗಳು ಚಿತ್ರ ಅಚ್ಚು ಮಾಡಿದವು. ಜನ ರಟ್ಟಿಗಾಗಿಯೇ ಸಿಗರೇಟ್ ಕೊಳ್ಳತೊಡಗಿದರು. 1909ರಲ್ಲಿ ಬ್ಯಾಟಲ್ ಕ್ರೀಕ್ ಊರಿನ ಕೆಲ್ಲಾಗ್ ಎರಡು ಪೊಟ್ಟಣ ಕಾರ್ನ್‌ಫ್ಲೇಕ್ಸ್ ಕೊಂಡವರಿಗೆ ಪ್ರಾಣಿಗಳ ಚಿತ್ರಪುಸ್ತಕ ಕೊಟ್ಟ. ಪ್ರಾಣಿಗಳ ತಲೆ, ನಡು, ಕಾಲುಗಳನ್ನು ಬೇರೆ ಬೇರೆಯಾಗಿ ತಿರುವಿ ಹೊಸ ಪ್ರಾಣಿ ಮಾಡುವಂಥ ಪುಸ್ತಕ ಅದು. 1912ರಿಂದ ಕ್ರ್ಯಾಕರ್ ಜ್ಯಾಕ್ ಎಂಬ ಜೋಳದ ಅರಳಿನ ತಿಂಡಿಯ ಪ್ರತಿ ಡಬ್ಬಿಯಲ್ಲೂ ಒಂದು ಆಟಿಕೆ ಇರತೊಡಗಿತು. 1955ರಲ್ಲಿ ಕ್ವೇಕರ್ ಓಟ್ಸ್ ಕಂಪನಿ ಕೆನಡಾದ ಯೂಕಾನ್ ಪ್ರಾಂತದಲ್ಲಿ ಹತ್ತೊಂಬತ್ತು ಎಕರೆ ನೆಲ ಕೊಂಡು, ಅದರಲ್ಲಿ ಎರಡು ಕೋಟಿ ಹತ್ತು ಲಕ್ಷ ಚದರ ಅಂಗುಲಗಳನ್ನು ಬಿಡಿಬಿಡಿಯಾಗಿ ಹಂಚಿ, ಡಬ್ಬಿಗೊಂದು ಅಂಗುಲದ ಹಕ್ಕುಪತ್ರ ಇಟ್ಟಿತು. ನೆಲದ ತೆರಿಗೆ ಕಟ್ಟದೆ ಹತ್ತು ವರ್ಷದಲ್ಲಿ ಜಮೀನು ಸರ್ಕಾರದ ಪಾಲಾಯಿತು, ಪತ್ರಗಳು ಮಾತ್ರ ಅಮೆರಿಕದ ಮನೆಗಳಲ್ಲಿ ಉಳಿದವು. ಕ್ಯಾಪ್ಟನ್ ಕ್ರಂಚ್ ಎಂಬ ಬೆಳಗಿನ ತಿನಿಸಿನ ಡಬ್ಬಿಯ ಪ್ಲಾಸ್ಟಿಕ್ ಪೀಪಿ 2600 ಹರ್ಟ್ಸ್ ಸ್ವರ ಹೊರಡಿಸುತ್ತಿತ್ತು. ಅಮೆರಿಕದ ದೂರದ ಟೆಲಿಫೋನ್ ಜಾಲ ನಡೆಯುತ್ತಿದ್ದದ್ದು ಅದೇ ಸ್ವರದ ಮೇಲೆ. ಜಾನ್ ಡ್ರೇಪರ್ ಎಂಬಾತ ಆ ಪೀಪಿಯ ಸ್ವರದಿಂದ ಪುಕ್ಕಟೆ ಕರೆ ಮಾಡಬಹುದೆಂಬುದನ್ನು ಲೋಕಕ್ಕೆ ತೋರಿಸಿದ. ಮಕ್ಕಳ ಕೈಗೆ ಏನು ಕೊಡುತ್ತಿದ್ದೇವೆಂದು ಕೊಡುವವರಿಗೂ ಪೂರ್ತಿ ತಿಳಿದಿರುವುದಿಲ್ಲ.

ನಮ್ಮ ಕಡೆಗೆ ಈ ವಿದ್ಯೆ ಬಂದದ್ದು ಹಲ್ಲುಜ್ಜುವ ಪೇಸ್ಟಿನ ಜೊತೆ. ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿಯ ಬಿನಾಕ ಈ ಸೀಮೆಯ ಜನರಿಗೆ ಕಿವಿಯಿಂದ ಮೊದಲು ಪರಿಚಯ. 1952ರಲ್ಲಿ ರೇಡಿಯೋ ಸಿಲೋನಿನಲ್ಲಿ ಶುರುವಾದ ಬಿನಾಕ ಗೀತಮಾಲಾವನ್ನು ಅಮೀನ್ ಸಯಾನಿಯವರ ದನಿಯಲ್ಲಿ ಹಿಂದಿ ಅರ್ಧಂಬರ್ಧ ತಿಳಿದವರೂ ಕೇಳುತ್ತಿದ್ದರು. ಎಪ್ಪತ್ತರ ದಶಕದ ಹೊತ್ತಿಗೆ ಪೇಸ್ಟಿನ ರಟ್ಟಿನ ಡಬ್ಬಿಯೊಳಗೆ, ಟ್ಯೂಬಿನ ಪಕ್ಕ, ಒಂದು ಪುಟ್ಟ ಪ್ಲಾಸ್ಟಿಕ್ ಪ್ರಾಣಿ ಬರುತ್ತಿತ್ತು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಆನೆ, ಒಂಟೆ, ಮೊಸಳೆ, ಮೀನು, ಹಕ್ಕಿ. ಒಂದಕ್ಕೆ ಹಸಿರು, ಒಂದಕ್ಕೆ ಹಳದಿ, ಮೈಗೆಲ್ಲ ಒಂದೇ ಬಣ್ಣ. ಬೆನ್ನ ಮೇಲೆ ಅಚ್ಚಿನ ಎರಡು ಭಾಗ ಕೂಡಿದ ಗೆರೆ ಬೆರಳಿಗೆ ತಾಗುತ್ತಿತ್ತು. ಮೂಗಿನ ಹತ್ತಿರ ಹಿಡಿದರೆ ಪೇಸ್ಟಿನ ವಾಸನೆ. ಅಷ್ಟು ಸಣ್ಣದರಲ್ಲೂ ಆನೆಯ ಸೊಂಡಿಲಿನ ಮಡಿಕೆ, ಮೊಸಳೆಯ ಬೆನ್ನಿನ ಗಂಟು ಬಿಡದೆ ಕಡೆದಿದ್ದರು. ಈಗಿನ ಅಗ್ಗದ ಆಟಿಕೆಗಳಲ್ಲಿ ಆ ಶ್ರದ್ಧೆ ನನಗೆ ಕಾಣುವುದಿಲ್ಲ.

ಆದರೆ ಪೇಸ್ಟು ಎಲ್ಲರ ಮನೆಗೆ ಬರುತ್ತಿರಲಿಲ್ಲ. ಬಹುಪಾಲು ಮನೆಗಳಲ್ಲಿ ಬೇವಿನಕಡ್ಡಿ, ಇದ್ದಿಲು, ಉಪ್ಪು, ಹೆಚ್ಚೆಂದರೆ ಹಲ್ಲುಪುಡಿ. ಪೇಸ್ಟು ಮೇಷ್ಟರ ಮನೆಯದು, ಬ್ಯಾಂಕಿನವರ ಮನೆಯದು, ರೇಷ್ಮೆ ಇಲಾಖೆಗೆ ವರ್ಗವಾಗಿ ಬಂದವರ ಮನೆಯದು. ಹಾಗಾಗಿ ಬಿನಾಕ ಪ್ರಾಣಿಗಳು ಹುಟ್ಟುತ್ತಿದ್ದದ್ದು ಸಂಬಳದ ಮನೆಗಳಲ್ಲಿ. ಅಲ್ಲಿಂದ ಕೇರಿ ಕೇರಿಗೆ ಹೋಗುತ್ತಿದ್ದದ್ದು ವಿನಿಮಯದಿಂದ. ಶಿಡ್ಲಘಟ್ಟದ ಹುಡುಗ ತನ್ನ ತೋಟದ ಹಿಪ್ಪುನೇರಳೆ ಹಣ್ಣನ್ನು ಬೊಗಸೆ ತುಂಬ ತಂದುಕೊಟ್ಟು ಒಂಟೆ ಪಡೆಯಬಹುದಿತ್ತು. ಗೋಲಿ, ಹುಣಸೆಹಣ್ಣು, ಬುಗುರಿಯ ಚಾಟಿ, ಒಂದು ದಿನದ ಸೈಕಲ್ ಟೈರು ಎಲ್ಲಕ್ಕೂ ಒಂದು ದರ ಇತ್ತು. ಪೇಸ್ಟಿನ ರುಚಿಯನ್ನೇ ನೋಡದ ಮನೆಯಲ್ಲಿ ಅದರ ಪ್ರಾಣಿ ಗೂಡಿನಲ್ಲಿ ದೇವರ ಪಕ್ಕ ನಿಲ್ಲುತ್ತಿತ್ತು, ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ಕೆಳಗಿನ ಮೆಟ್ಟಿಲ ಕಾಡಿಗೂ ಸೇರುತ್ತಿತ್ತು. ಅಮೆರಿಕದ ಕಥೆಗಿಂತ ನಮ್ಮ ಕಥೆ ಬೇರೆಯಾಗುವುದು ಇಲ್ಲಿ. ಅಲ್ಲಿ ಡಬ್ಬಿ ಪ್ರತಿ ಮನೆಗೂ ಬರುತ್ತಿತ್ತು. ಇಲ್ಲಿ ಸರಕಿಗಿಂತ ಕೊಸರು ದೂರ ಪ್ರಯಾಣ ಮಾಡಿತು. ಬಿನಾಕ ಮುಂದೆ ಸಿಬಾಕ ಆಯಿತು, 1994ರಲ್ಲಿ ಕೋಲ್ಗೇಟ್ ಅದನ್ನು ಕೊಂಡಿತು. ಪ್ರಾಣಿಗಳು ಅದಕ್ಕೂ ಮೊದಲೇ ನಿಂತಿದ್ದವು.

ಆಮೇಲಿನದು ಕ್ರಿಕೆಟ್ಟಿನ ಕಾಲ. 1981ರಲ್ಲಿ ಬೆಂಗಳೂರು ದೂರದರ್ಶನ ಶುರುವಾದ ಮೇಲೆ ನಂದಿ ಬೆಟ್ಟದ ಆಚೆ ಈಚೆಯ ಊರುಗಳಲ್ಲಿ ಮಾಳಿಗೆಗಳ ಮೇಲೆ ಆಂಟೆನಾ ಗಳುಗಳು ಎದ್ದವು. 1983ರ ವಿಶ್ವಕಪ್ ಗೆದ್ದ ಹುಮ್ಮಸ್ಸು ಆರುವ ಮೊದಲೇ 1987ರ ರಿಲಯನ್ಸ್ ಕಪ್ ಬಂತು. ಆ ಅಕ್ಟೋಬರ್ 14ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ಭಾರತ ನ್ಯೂಜಿಲೆಂಡನ್ನು 16 ರನ್‌ಗಳಿಂದ ಸೋಲಿಸಿತು. ಬಿಗ್ ಫನ್ ಬಬಲ್ ಗಮ್ಮಿನ ಜೊತೆ ಆಟಗಾರರ ಚಿತ್ರಗಳು ಬರುತ್ತಿದ್ದದ್ದು ಈ ದಿನಗಳಲ್ಲಿ. ಗಮ್ಮಿನ ಸಿಹಿ ಹತ್ತು ಸಲ ಅಗಿಯುವಷ್ಟರಲ್ಲಿ ಹೋಗುತ್ತಿತ್ತು. ಚಿತ್ರ ಕಂಪಾಸ್ ಬಾಕ್ಸಿನಲ್ಲಿ ವರ್ಷಗಟ್ಟಲೆ ಉಳಿಯುತ್ತಿತ್ತು.

ಆ ಚಿತ್ರಗಳ ಸುತ್ತ ಬೆಳೆದ ಆಟಗಳನ್ನು ಯಾವ ಕಂಪನಿಯೂ ಹೇಳಿಕೊಟ್ಟಿರಲಿಲ್ಲ. ಶಾಲೆಯ ಗೋಡೆಗೆ ಎದೆಮಟ್ಟದಲ್ಲಿ ಚಿತ್ರ ಆನಿಸಿ ಬಿಡುವುದು. ತೇಲುತ್ತಾ ಬಂದು ಕೆಳಗಿನ ಇನ್ನೊಂದು ಚಿತ್ರದ ಮೇಲೆ ಕೂತರೆ ನೆಲದ ಮೇಲಿದ್ದದ್ದನ್ನೆಲ್ಲ ಬಾಚಿಕೊಳ್ಳುವುದು. ಅಂಗೈ ಗುಬುರಾಗಿಸಿ ಹೊಡೆದು ಗಾಳಿಗೆ ಚಿತ್ರ ಮಗುಚುವುದು. ಹೆಚ್ಚು ಬಂದವರ ಚಿತ್ರಕ್ಕೆ ಬೆಲೆ ಇಳಿಯುತ್ತಿತ್ತು, ಅಪರೂಪದವರದು ಏರುತ್ತಿತ್ತು. ಯಾರು ಅಪರೂಪ ಎಂಬುದು ಊರಿಂದ ಊರಿಗೆ ಬದಲಾಗುತ್ತಿತ್ತು, ಏಕೆಂದರೆ ಅಂಗಡಿಗೆ ಬಂದ ಪೆಟ್ಟಿಗೆಯಲ್ಲಿ ಏನಿತ್ತೋ ಆ ಬೀದಿಗೆ ಅಷ್ಟೇ. ಚಿಂತಾಮಣಿಯಲ್ಲಿ ರಾಶಿ ಬಿದ್ದದ್ದು ಚಿಕ್ಕಬಳ್ಳಾಪುರದಲ್ಲಿ ಸಿಗದೆ ಹೋಗಬಹುದಿತ್ತು. ಹಾಗಾಗಿ ಬೇಸಿಗೆ ರಜೆಗೆ ಅಜ್ಜಿಯ ಊರಿಗೆ ಹೋಗುವ ಹುಡುಗನ ಜೇಬಿಗೆ ಬೇರೆ ಹುಡುಗರ ಚಿತ್ರಗಳೂ ಬೀಳುತ್ತಿದ್ದವು. "ನನ್ ತಾವ ಡಬಲ್ ಐತೆ, ಆ ಊರಾಗೆ ಬದಲಾಯಿಸ್ಕೊಂಡ್ ಬಾ" ಎಂದು ಕೊಟ್ಟು ಕಳಿಸುತ್ತಿದ್ದರು. ನಂಬಿ ಕಳಿಸಿದ್ದಕ್ಕೆ ವಾಪಸ್ ಬಂದು ಲೆಕ್ಕ ಒಪ್ಪಿಸಬೇಕಿತ್ತು.

ಈ ಸೀಮೆಯ ಇನ್ನೊಂದು ವಿಶೇಷ ಇಲ್ಲಿ ಹೇಳಬೇಕು. ಗೌರಿಬಿದನೂರಿನಿಂದ ಆಂಧ್ರದ ಹಿಂದೂಪುರ ಕೈಗೆಟುಕುವ ದೂರ, ಚಿಂತಾಮಣಿಯಿಂದ ಮದನಪಲ್ಲಿಯ ಕಡೆಗೆ ನೇರ ರಸ್ತೆ. ಮನೆಮನೆಯಲ್ಲಿ ಕನ್ನಡ, ತೆಲುಗು, ಉರ್ದು ಬೆರೆಯುವ ಈ ಗಡಿಯಲ್ಲಿ ಸಿನಿಮಾ ನಟರ ಚಿತ್ರ ಇಟ್ಟ ಮಿಠಾಯಿ ಬಂದಾಗ ರಾಜ್‌ಕುಮಾರ್ ಜೊತೆ ಚಿರಂಜೀವಿಯೂ ಒಂದೇ ರಬ್ಬರ್ ಬ್ಯಾಂಡಿನೊಳಗೆ ಇರುತ್ತಿದ್ದರು. ಬೆಂಗಳೂರಿನ ಮಾರುಕಟ್ಟೆಯಿಂದ ಬಂದ ಸರಕು, ಆಂಧ್ರದ ಕಡೆಯಿಂದ ಬಂದ ಸರಕು ಎರಡೂ ಒಂದೇ ಪೆಟ್ಟಿಗೆ ಅಂಗಡಿಯಲ್ಲಿ ತೂಗಾಡುತ್ತಿದ್ದವು. ತೆಲುಗು ಅಕ್ಷರ ಓದಲು ಬಾರದ ಹುಡುಗನಿಗೂ ಯಾವ ಪೊಟ್ಟಣದಲ್ಲಿ ಏನಿದೆ ಎಂಬುದು ಕಂಠಪಾಠ.

ಕೂಲ್‌ಡ್ರಿಂಕ್ ಮುಚ್ಚಳಗಳ ಕಥೆ ಅಷ್ಟು ಸಂತೋಷದ್ದಲ್ಲ. ಎಂಬತ್ತರ ದಶಕದಲ್ಲಿ ಗೋಲ್ಡ್ ಸ್ಪಾಟ್ ಮುಚ್ಚಳದ ಒಳಗೆ ಜಂಗಲ್ ಬುಕ್ಕಿನ ಪ್ರಾಣಿಗಳು ಬಂದವು. ಥಮ್ಸ್ ಅಪ್ ಕ್ರಿಕೆಟಿಗರ ಪುಟ್ಟ ಪುಸ್ತಕಗಳನ್ನು ಕೊಟ್ಟಿತು. ಹಾಳೆಗಳನ್ನು ಹೆಬ್ಬೆರಳಿನಿಂದ ಸರ್ರನೆ ಬಿಟ್ಟರೆ ಆಟಗಾರ ಓಡಿಬಂದು ಚೆಂಡು ಎಸೆಯುವಂತೆ ಕಾಣುತ್ತಿತ್ತು. ಇಂಥ ಯೋಜನೆಗಳಲ್ಲಿ ಮುಚ್ಚಳ ಕೂಡಿಸುವುದು ಅರ್ಧ ಕೆಲಸ, ಅದನ್ನು ಕೊಟ್ಟು ಬಹುಮಾನ ಪಡೆಯುವುದು ಇನ್ನರ್ಧ. ಆ ಇನ್ನರ್ಧ ನಡೆಯುತ್ತಿದ್ದದ್ದು ಬಹುತೇಕ ದೊಡ್ಡ ಊರುಗಳಲ್ಲಿ. ಚಿಕ್ಕಬಳ್ಳಾಪುರದಿಂದ ಬೆಂಗಳೂರು ಅರವತ್ತು ಕಿಲೋಮೀಟರ್ ಆಸುಪಾಸು. ಹತ್ತು ವರ್ಷದ ಮಗುವಿಗೆ ಅದು ಹೋಗಿಬರುವ ಜಾಗವಲ್ಲ. ಬಸ್ ನಿಲ್ದಾಣದ ಅಂಗಡಿಯ ಬಾಗಿಲಲ್ಲಿ, ಮದುವೆ ಛತ್ರದ ಹಿಂದೆ ಬಗ್ಗಿ ಬಗ್ಗಿ ಆರಿಸಿದ ಮುಚ್ಚಳಗಳನ್ನು ಚೀಲದಲ್ಲಿಟ್ಟುಕೊಂಡು ಅಪ್ಪ ಬೆಂಗಳೂರಿಗೆ ಹೋಗುವ ದಿನ ಕಾಯಬೇಕು. ಹೋದರೆ "ಸ್ಟಾಕ್ ಇರುವವರೆಗೆ ಮಾತ್ರ" ಎಂಬ ಸಣ್ಣ ಅಕ್ಷರ ಎದುರಾಗುತ್ತಿತ್ತು. ಅದನ್ನು ಓದಿದ ಮಕ್ಕಳು ಜಾಹೀರಾತಿನ ಭಾಷೆಯನ್ನು ಬೇಗ ಕಲಿತರು.

ಬಹುಮಾನಕ್ಕೆ ಕೂಡಿ ಬರದ ಮುಚ್ಚಳಗಳಿಗೆ ಮಕ್ಕಳೇ ಬೇರೆ ಗತಿ ಕಾಣಿಸಿದರು. ರಬ್ಬರ್ ಬಿಲ್ಲೆ ಕಿತ್ತು, ಕಲ್ಲಿನಿಂದ ಚಪ್ಪಟೆ ಮಾಡಿ, ಇಲ್ಲವೇ ರೈಲು ಹಳಿಯ ಮೇಲಿಟ್ಟು ಗಾಡಿ ಹೋಗುವವರೆಗೆ ಕಾದು, ಮೊಳೆಯಿಂದ ಎರಡು ತೂತು ಹೊಡೆದು ದಾರ ಪೋಣಿಸಿದರೆ ಗಿರ್ರನೆ ತಿರುಗುವ ಚಕ್ರ. ಶಿಡ್ಲಘಟ್ಟದಲ್ಲಿ ದಾರಕ್ಕೆ ಬರವಿರಲಿಲ್ಲ, ರೇಷ್ಮೆ ನೂಲು ಬಿಚ್ಚುವ ಮನೆಗಳೇ ಬೀದಿ ತುಂಬ.

ದೊಡ್ಡವರ ಕೊಸರು ಬೇರೆ ನಮೂನೆಯದು. ಟೀಪುಡಿಯ ಜೊತೆ ಗಾಜಿನ ಲೋಟ, ಸೋಪಿನ ಪುಡಿಯ ಜೊತೆ ಚಮಚ, ದೊಡ್ಡ ಪೊಟ್ಟಣಕ್ಕೆ ಬಕೆಟ್. ಅದಕ್ಕಿಂತ ಮುಂಚೆ, ಏನೂ ಫ್ರೀ ಎಂದು ಬರೆಯದಿದ್ದ ಕಾಲದಲ್ಲಿ, ಡಬ್ಬಿಯೇ ಬಹುಮಾನವಾಗಿತ್ತು. 1937ರಿಂದ ಭಾರತದಲ್ಲಿ ಮಾರಾಟವಾದ ಡಾಲ್ಡಾದ ಹಳದಿ ಡಬ್ಬಿ ಖಾಲಿಯಾದ ಮೇಲೆ ರಾಗಿಹಿಟ್ಟಿಗೆ ಅಳತೆಯಾಯಿತು, ಬಾವಿಯ ಕಟ್ಟೆಗೆ ಚೊಂಬಾಯಿತು, ತುಕ್ಕು ಹಿಡಿದ ಮೇಲೆ ತುಳಸಿಗೆ ಕುಂಡವಾಯಿತು. ಹಾರ್ಲಿಕ್ಸಿನ ಗಾಜಿನ ಬಾಟಲಿಗೆ ಉಪ್ಪಿನಕಾಯಿಯ ಪಟ್ಟ. ಬಾಣಂತಿಗೋ ಜ್ವರ ಬಿದ್ದವರಿಗೋ ಎಂದು ತಂದ ಹಾರ್ಲಿಕ್ಸ್ ಯಾವಾಗ ಖಾಲಿಯಾಗುತ್ತದೆ ಎಂದು ಅಡುಗೆಮನೆ ಕಾಯುತ್ತಿತ್ತು. ಹೆಂಗಸರ ಈ ಉಳಿತಾಯ ಬುದ್ಧಿಯನ್ನು ಆಟಿಕೆಗಳ ನೆನಪಿನಷ್ಟು ಪ್ರೀತಿಯಿಂದ ಯಾರೂ ಹೇಳುವುದಿಲ್ಲವೆಂಬುದು ನನಗೆ ಬೇಸರದ ಸಂಗತಿ. ಮನೆಗೆ ಹೆಚ್ಚು ಕಾಲ ದುಡಿದ ಕೊಸರು ಅದೇ.

ತೊಂಬತ್ತರ ನಂತರ ಎಲ್ಲ ವೇಗವಾಯಿತು. 1996ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ನಡೆದ ವಿಶ್ವಕಪ್ ಕ್ವಾರ್ಟರ್ ಫೈನಲ್ಲಿನಲ್ಲಿ ವೆಂಕಟೇಶ್ ಪ್ರಸಾದ್ ಪಾಕಿಸ್ತಾನದ ಅಮೀರ್ ಸೊಹೇಲರ ಸ್ಟಂಪ್ ಎಗರಿಸಿದ ಮೇಲೆ ಈ ಸೀಮೆಯ ಹುಡುಗರಿಗೆ ಕುಂಬ್ಳೆ, ಶ್ರೀನಾಥ್, ಪ್ರಸಾದ್ ಸ್ವಂತ ಊರಿನವರಾದರು. 1999ರ ವಿಶ್ವಕಪ್ಪಿಗೆ ಬ್ರಿಟಾನಿಯಾ ತನ್ನ ಬಿಸ್ಕತ್ತಿನ ಹೊದಿಕೆಗಳ ಮೇಲೆ ಅಂಕ ಅಚ್ಚು ಮಾಡಿ, ಕೂಡಿಸಿದವರಿಗೆ ಪುಸ್ತಕ, ಅದೃಷ್ಟವಿದ್ದರೆ ಇಂಗ್ಲೆಂಡಿಗೆ ಪ್ರಯಾಣ ಎಂದಿತು. ಬ್ರಿಟಾನಿಯಾ ಖಾವೋ, ವರ್ಲ್ಡ್ ಕಪ್ ಜಾವೋ ಎಂಬ ಘೋಷಣೆ ಹಿಂದಿ ಬಾರದ ಹಳ್ಳಿಯಲ್ಲೂ ಬಾಯಿಗೆ ಬಂತು. ಆ ಹೊತ್ತಿಗೇ ಚಿಪ್ಸ್ ಪೊಟ್ಟಣಗಳಲ್ಲಿ ಟಾಜೋ ಬಂತು. ಮೆಕ್ಸಿಕೋದಲ್ಲಿ 1994ರಲ್ಲಿ ಹುಟ್ಟಿದ ಈ ಪ್ಲಾಸ್ಟಿಕ್ ಬಿಲ್ಲೆಗೆ ಅಂಚಿನಲ್ಲಿ ಸೀಳುಗಳಿದ್ದವು. ಒಂದಕ್ಕೊಂದು ಸಿಕ್ಕಿಸಿ ಗೋಪುರ ಕಟ್ಟಬಹುದು, ಒಂದರಿಂದ ಇನ್ನೊಂದನ್ನು ಚಿಮ್ಮಿಸಬಹುದು. ಮೊದಲು ಲೂನಿ ಟ್ಯೂನ್ಸ್, ಆಮೇಲೆ ಪೋಕೆಮಾನ್. ಬಿನಾಕ ಪ್ರಾಣಿಗೆ ಮಕ್ಕಳು ತಾವೇ ಹೆಸರಿಡುತ್ತಿದ್ದರು. ಪೋಕೆಮಾನ್ ಬಿಲ್ಲೆಯ ಮೇಲೆ ಹೆಸರು ಅಚ್ಚಾಗಿಯೇ ಬರುತ್ತಿತ್ತು, ಕಥೆ ಕೇಬಲ್ ಟೀವಿಯಲ್ಲಿ ಬರುತ್ತಿತ್ತು. ಕೇಬಲ್ ಇಲ್ಲದ ಹಳ್ಳಿಯಿಂದ ಶಾಲೆಗೆ ಬರುವ ಮಗು ಬಿಲ್ಲೆ ಗೆದ್ದರೂ ಅದರ ಕಥೆಗೆ ಇನ್ನೊಬ್ಬರ ಬಾಯಿ ನೋಡಬೇಕಾಯಿತು.

ಈ ಎಲ್ಲದರ ಕೆಳಗಿನ ಸ್ತರದಲ್ಲಿ ಹೆಸರಿಲ್ಲದ ಸರಕಿನ ಲೋಕವೊಂದಿತ್ತು, ಈಗಲೂ ಇದೆ. ಶಾಲೆಯ ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ ತೂಗುಹಾಕಿದ ರಟ್ಟು, ಅದರ ತುಂಬ ಅಂಟಿಸಿದ ಚೀಟಿಗಳು, ಮೇಲುಗಡೆ ಬಲೂನು, ಪೀಪಿ, ಕನ್ನಡಕ, ಗಡಿಯಾರ. ಕಾಸು ಕೊಟ್ಟು ಚೀಟಿ ಕಿತ್ತರೆ ನಂಬರಿಗೆ ತಕ್ಕ ವಸ್ತು, ಇಲ್ಲದಿದ್ದರೆ ಒಂದು ಪೆಪ್ಪರಮೆಂಟು. ಮಕ್ಕಳಿಗೆ ಜೂಜಿನ ಮೊದಲ ಪಾಠ ಅದು. ಕರ್ನಾಟಕ ಸರ್ಕಾರ 2007ರಲ್ಲಿ ಲಾಟರಿ ನಿಲ್ಲಿಸಿತು.  ದೊಡ್ಡವರ ಲಾಟರಿ ಅಂಗಡಿಗಳು ಬಾಗಿಲು ಹಾಕಿದವು, ಮಕ್ಕಳ ಚೀಟಿ ರಟ್ಟು ತೂಗುತ್ತಲೇ ಇತ್ತು.

ಇಲ್ಲಿಗೆ ಬಂದ ಮೇಲೆ ದೂರಿನ ಭಾಗವನ್ನು ನೇರವಾಗಿ ನೋಡಬೇಕು. ಕೊಡುಗೆಯ ಹೆಸರಿನಲ್ಲಿ ನಡೆಯುವ ಮೋಸ ನಮ್ಮ ಕಾನೂನಿನ ಕಣ್ಣಿಗೆ ಬಿದ್ದು ಬಹಳ ಕಾಲವಾಯಿತು. 1984ರಲ್ಲಿ ಏಕಸ್ವಾಮ್ಯ ತಡೆ ಕಾಯ್ದೆಗೆ ಮಾಡಿದ ತಿದ್ದುಪಡಿ, ಕೊಡುವ ಉದ್ದೇಶವಿಲ್ಲದೆ ಉಡುಗೊರೆ ಸಾರುವುದನ್ನು, ವ್ಯಾಪಾರಕ್ಕಾಗಿ ಅದೃಷ್ಟದಾಟ ನಡೆಸುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದಿತು. 1986ರ ಗ್ರಾಹಕ ರಕ್ಷಣಾ ಕಾಯ್ದೆ ಅದನ್ನೇ ಗ್ರಾಹಕ ನ್ಯಾಯಾಲಯದ ಬಾಗಿಲಿಗೆ ತಂದಿತು. 2002ರ ತಿದ್ದುಪಡಿ ಸ್ಪರ್ಧೆಯ ಫಲಿತಾಂಶವನ್ನು ಭಾಗವಹಿಸಿದವರಿಂದ ಮುಚ್ಚಿಡುವುದನ್ನೂ ತಪ್ಪೆಂದಿತು. 2022ರ ಜೂನಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಜಾಹೀರಾತು ಮಾರ್ಗಸೂಚಿಯಂತೂ, ಅಗತ್ಯವಿಲ್ಲದ ವಸ್ತುವನ್ನು ಮಕ್ಕಳು ಕೊಳ್ಳುವಂತೆ ಉಡುಗೊರೆಯ ಆಸೆ ತೋರಿಸುವುದು ಸಲ್ಲದು ಎಂದು ಬಿಡಿಸಿ ಹೇಳಿದೆ. ಅಕ್ಷರಶಃ ಓದಿದರೆ ನಾವು ಹಂಬಲಿಸುವ ಬಹುಪಾಲು ವಸ್ತುಗಳು ಈ ಮಾತಿನೊಳಗೆ ಬರುತ್ತವೆ.

ಬರಬೇಕಾದದ್ದೇ ಎಂದು ನಾನು ನಂಬುತ್ತೇನೆ. ಗಮ್ಮು, ಸಕ್ಕರೆ ನೀರು, ಕರಿದ ಹಿಟ್ಟು ಮಕ್ಕಳ ಹೊಟ್ಟೆಗೆ ಸೇರಿದ್ದು ಆ ಚಿತ್ರ, ಬಿಲ್ಲೆಗಳ ದಾರಿಯಲ್ಲೇ. ಚಿಲಿ ದೇಶ 2016ರಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ ತಿನಿಸುಗಳ ಜೊತೆ ಆಟಿಕೆ ಕೊಡುವುದನ್ನೇ ನಿಲ್ಲಿಸಿತು. ತಿನಿಸಿನೊಳಗೆ ತಿನ್ನಲಾಗದ ವಸ್ತು ಇಡಬಾರದೆಂಬ 1938ರ ಅಮೆರಿಕದ ಕಾನೂನಿನಿಂದಾಗಿ ಒಳಗೆ ಆಟಿಕೆ ಇರುವ ಕಿಂಡರ್ ಸರ್‌ಪ್ರೈಸ್ ಚಾಕೊಲೇಟ್ ಮೊಟ್ಟೆ ಅಲ್ಲಿಗೆ ಕಾಲಿಡಲಾಗಲಿಲ್ಲ. ಆಟಿಕೆ ಒಂದು ಭಾಗ, ತಿನಿಸು ಒಂದು ಭಾಗ ಎಂದು ಬೇರ್ಪಡಿಸಿದ ಕಿಂಡರ್ ಜಾಯ್‌ಗೆ ಮಾತ್ರ ಅನುಮತಿ ಸಿಕ್ಕಿತು. ಇದು ಅತಿಯಾಯಿತು ಎನ್ನುವವರು ನಮ್ಮ ಪಕ್ಕದ ರಾಜ್ಯದ ಕಡೆ ನೋಡಬೇಕು. 2017ರ ನವೆಂಬರಿನಲ್ಲಿ ಆಂಧ್ರದ ಏಲೂರಿನಲ್ಲಿ ನಾಲ್ಕು ವರ್ಷದ ಮಗು ಅಗ್ಗದ ತಿಂಡಿಯ ಪೊಟ್ಟಣದಲ್ಲಿದ್ದ ಪ್ಲಾಸ್ಟಿಕ್ ಆಟಿಕೆಯನ್ನು ತಿನಿಸೆಂದು ನುಂಗಿ ಉಸಿರು ಕಟ್ಟಿ ಸತ್ತಿತು. ತಿನಿಸಿನ ನಡುವೆ ಬಿಡಿ ಆಟಿಕೆ ಇಡುವುದರ ವಿರುದ್ಧ ಆಹಾರ ಸುರಕ್ಷತಾ ಪ್ರಾಧಿಕಾರ ಆ ವರ್ಷ ಎಚ್ಚರಿಕೆ ಕೊಟ್ಟಿತು. ಐದು ರೂಪಾಯಿಯ ಹೆಸರಿಲ್ಲದ ಪೊಟ್ಟಣ ತಯಾರಾಗುವ ಮೂಲೆಗಳಿಗೆ ಆ ಎಚ್ಚರಿಕೆ ತಲುಪಬೇಕಾದರೆ ತಾಲ್ಲೂಕು ಮಟ್ಟದಲ್ಲಿ ಅಧಿಕಾರಿಗಳು ಅಂಗಡಿಯಿಂದ ಅಂಗಡಿಗೆ ಹೋಗಬೇಕು.

ದೊಡ್ಡವರಿಗೂ ಈ ಆಸೆ ಪ್ರಾಣಕ್ಕೆ ಬಂದದ್ದಿದೆ. 1992ರ ಮೇ 25ರಂದು ಫಿಲಿಪೀನ್ಸಿನಲ್ಲಿ ಪೆಪ್ಸಿ ಮುಚ್ಚಳದ ಬಹುಮಾನದ ಸಂಖ್ಯೆ 349 ಎಂದು ಟೀವಿಯಲ್ಲಿ ಸಾರಿದರು. ಆ ಸಂಖ್ಯೆಯ ಮುಚ್ಚಳಗಳು ಲಕ್ಷಗಟ್ಟಲೆ ಅಚ್ಚಾಗಿಹೋಗಿದ್ದವು. ಹತ್ತು ಲಕ್ಷ ಪೆಸೊ ಬಂತೆಂದು ಕುಣಿದ ಬಡವರಿಗೆ ಕಂಪನಿ ಚಿಲ್ಲರೆ ಹಣ ಕೊಡಲು ಬಂದಾಗ ದಂಗೆಯೆದ್ದಿತು, ಜನ ಸತ್ತರು. ಶಿಡ್ಲಘಟ್ಟದ ಹುಡುಗ ಕೂಡಿಟ್ಟ ಮುಚ್ಚಳ ಕೆಲಸಕ್ಕೆ ಬಾರದೆ ಹೋದದ್ದಕ್ಕೂ ಇದಕ್ಕೂ ಗಾತ್ರದಲ್ಲಿ ವ್ಯತ್ಯಾಸ, ಜಾತಿಯಲ್ಲಿ ಅಲ್ಲ.

ಹಾಗಿದ್ದೂ ನೆನಪು ಏಕೆ ಇಷ್ಟು ಬೆಚ್ಚಗಿದೆ? ಕೊಡುಗೆ ಚೆನ್ನಾಗಿತ್ತು ಎಂಬುದಷ್ಟೇ ಕಾರಣವಾಗಿದ್ದರೆ ಈಗ ಅಂಥದ್ದನ್ನು ಕೊಂಡು ತಂದರೆ ಹಂಬಲ ತೀರಬೇಕಿತ್ತು. ಹಳೆಯ ಬಿನಾಕ ಪ್ರಾಣಿ, ಟಾಜೋ ಕಟ್ಟುಗಳು ಈಗ ಆನ್‌ಲೈನಿನಲ್ಲಿ ಬೆಲೆಗೆ ಸಿಗುತ್ತವೆ. ಪೂರ್ತಿ ಸೆಟ್ ಒಟ್ಟಿಗೆ ಬರುತ್ತದೆ. ತಂದುಕೊಂಡವರು ಎರಡು ದಿನ ಮೇಜಿನ ಮೇಲಿಟ್ಟು ನೋಡಿ ಒಳಗಿಡುವುದನ್ನು ಕಂಡಿದ್ದೇನೆ. ನನಗೆ ಅನ್ನಿಸುವುದು ಇಷ್ಟು: ಆ ವಸ್ತುಗಳ ಬೆಲೆಯೆಲ್ಲ ಒಬ್ಬರ ಕೈಯಲ್ಲಿ ಪೂರ್ತಿಯಾಗದೆ ಇದ್ದುದರಲ್ಲಿತ್ತು. ಕಂಪನಿ ಸೆಟ್ಟನ್ನು ಒಡೆದು ಹಂಚಿದ್ದು ಇನ್ನೊಂದು ಪೊಟ್ಟಣ ಕೊಳ್ಳಲೆಂದು. ಕೊಳ್ಳಲು ಕಾಸಿಲ್ಲದ ನಮ್ಮ ಊರಿನ ಮಕ್ಕಳು ಇನ್ನೊಂದು ಮನೆಯ ಬಾಗಿಲು ತಟ್ಟಿದರು. ಕಂಪನಿ ಅಂಗಡಿಯ ಕಡೆ ತೋರಿಸಿದ ದಾರಿಯನ್ನು ಅವರು ಗೆಳೆಯರ ಕಡೆ ತಿರುಗಿಸಿಕೊಂಡರು. ಮೇಷ್ಟರ ಮಗ ನೂಲು ಬಿಚ್ಚುವವರ ಮನೆಗೆ ಹೋದ, ಸಾಬರ ಬೀದಿಯ ಹುಡುಗ ಅಗ್ರಹಾರಕ್ಕೆ ಬಂದ. ಬೇರೆ ಯಾವ ನೆಪಕ್ಕೂ ದಾಟಲಾಗದ ಹೊಸ್ತಿಲನ್ನು ಒಂದು ಪ್ಲಾಸ್ಟಿಕ್ ಒಂಟೆಯ ನೆಪದಲ್ಲಿ ದಾಟಿದವರಿದ್ದಾರೆ.

ಹೊಸ್ತಿಲ ಹೊರಗೇ ಉಳಿದವರೂ ಇದ್ದಾರೆ, ಅದನ್ನು ಮರೆಯಬಾರದು. ಹೆಣ್ಣುಮಕ್ಕಳಿಗೆ ಬೀದಿಯ ಆಟದಲ್ಲಿ ಜಾಗ ಕಡಿಮೆ. ಅಣ್ಣನ ಸಂಗ್ರಹವನ್ನು ಜೋಪಾನ ಮಾಡುವ ಕೆಲಸ ಮಾತ್ರ ಅವರದು. ನೂಲು ಬಿಚ್ಚುವ ಘಟಕಗಳಲ್ಲಿ ಬಿಸಿನೀರಿಗೆ ಕೈ ಅದ್ದಿ ದುಡಿಯುತ್ತಿದ್ದ ಮಕ್ಕಳಿಗೆ ಆಟಕ್ಕೆ ಹೊತ್ತೂ ಇರಲಿಲ್ಲ. ಎಂಬತ್ತು ತೊಂಬತ್ತರ ದಶಕದ ನಮ್ಮ ಹರಟೆಗಳಲ್ಲಿ ಅವರ ದನಿ ಇಲ್ಲದಿರುವುದಕ್ಕೆ ಅದೂ ಕಾರಣ.

ಈಗ ಕೊಸರು ಮತ್ತೆ ರೂಪ ಬದಲಿಸಿದೆ. ಕ್ರ್ಯಾಕರ್ ಜ್ಯಾಕ್ 2016ರಲ್ಲಿ ಡಬ್ಬಿಯೊಳಗಿನ ಆಟಿಕೆ ತೆಗೆದು, ಫೋನಿನಲ್ಲಿ ಆಡುವ ಆಟಕ್ಕೆ ಕೋಡ್ ಅಚ್ಚು ಮಾಡಿದ ಕಾಗದ ಇಟ್ಟಿತು. ಚಿಂತಾಮಣಿಯ ಅಂಗಡಿಯಲ್ಲೂ ಪೊಟ್ಟಣದ ಒಳಗೆ ಕೆರೆಯುವ ಪಟ್ಟಿ, ಕಪ್ಪು ಚೌಕ. ಅದನ್ನು ಫೋನಿಗೆ ತೋರಿಸಿದರೆ ಕ್ಯಾಶ್‌ಬ್ಯಾಕ್. ಹಣ ಹೋಗುವುದು ಅಪ್ಪನ ಖಾತೆಗೆ, ಹೆಸರು ಮತ್ತು ನಂಬರು ಹೋಗುವುದು ಕಂಪನಿಗೆ. ಮಗುವಿನ ಕೈಗೆ ಖಾಲಿ ಕಾಗದ. ಇದರಲ್ಲಿ ಡಬಲ್ ಬರುವುದಿಲ್ಲ, ಬದಲಾಯಿಸಿಕೊಳ್ಳಲು ಏನೂ ಇಲ್ಲ.

ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರು ಬಳಸಿದ ವಸ್ತುಗಳನ್ನು ಜೋಪಾನವಾಗಿ ಇಟ್ಟಿದ್ದಾರೆ. ಅಲ್ಲಿಗೆ ಶಾಲೆಯ ಮಕ್ಕಳು ಸಾಲಾಗಿ ಹೋಗಿ ನೋಡುತ್ತಾರೆ. ಸಾಮಾನ್ಯರ ಮಕ್ಕಳು ಆಡಿದ ವಸ್ತುಗಳಿಗೂ ಜಿಲ್ಲೆಯಲ್ಲಿ ಒಂದು ಕಪಾಟು ಬೇಕು. ಯಾವುದಾದರೂ ಹೈಸ್ಕೂಲು, ತಾಲ್ಲೂಕು ಗ್ರಂಥಾಲಯ ಇದನ್ನು ಮಾಡಬಹುದು, ದುಡ್ಡು ಹೆಚ್ಚು ಬೇಡ. ವಸ್ತು ತಂದುಕೊಟ್ಟವರ ಹತ್ತಿರ ನಾಲ್ಕು ಸಂಗತಿ ಕೇಳಿ ಚೀಟಿಯಲ್ಲಿ ಬರೆದಿಟ್ಟರೆ ಸಾಕು: ಯಾವ ಸರಕಿನ ಜೊತೆ ಬಂತು, ಯಾವ ಬೀದಿಯ ಅಂಗಡಿಯಲ್ಲಿ, ಆಗ ಪೊಟ್ಟಣಕ್ಕೆ ಎಷ್ಟು ಕೊಟ್ಟಿರಿ, ಕೊಂಡದ್ದೋ ಬದಲಾಯಿಸಿಕೊಂಡದ್ದೋ. ಬದಲಾಯಿಸಿಕೊಂಡದ್ದಾದರೆ ಯಾರಿಂದ, ಏನು ಕೊಟ್ಟು ಎಂಬುದನ್ನೂ ಬರೆಯಬೇಕು. ಎಪ್ಪತ್ತರ ದಶಕದಲ್ಲಿ ಬಿನಾಕ ಪ್ರಾಣಿ ಆಡಿದವರಿಗೆ ಈಗ ಅರವತ್ತರ ಆಸುಪಾಸು. ಮನೆ ಬದಲಿಸುವಾಗ, ಹಳೆಯ ಟ್ರಂಕು ಗುಜರಿಗೆ ಹೋಗುವಾಗ ಮೊದಲು ಕಳೆದುಹೋಗುವುದು ಇಂಥ ಸಣ್ಣ ವಸ್ತುಗಳೇ. ಬರುವ ದಸರೆಗೆ ಗೊಂಬೆಪೆಟ್ಟಿಗೆ ಇಳಿಸುವ ಮನೆಗಳಿಂದ ಈ ಕೆಲಸ ಶುರು ಮಾಡಬಹುದು.